ಕ್ರಿಯಾಟಿನಿನ್ ಇಳಿದಿತ್ತು, ಕಿಡ್ನಿ ಸುಧಾರಿಸಿರಲಿಲ್ಲ: ಒಂದು ಪ್ರಕರಣ ಅಧ್ಯಯನ

76 ವರ್ಷದ ಒಬ್ಬ ಹೆಂಗಸಿನ ಪ್ರಕರಣ ಇದು. ಇಲ್ಲಿ ಅವರನ್ನು ಅಜ್ಜಿ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಮನೆಯ ವಿವರಗಳನ್ನೂ ಕೆಲವು ಸಣ್ಣಪುಟ್ಟ ಸಂಗತಿಗಳನ್ನೂ ಬದಲಿಸಿದ್ದೇನೆ. ಪರೀಕ್ಷೆಯ ಅಂಕಿಗಳು ಒಂದಕ್ಕೊಂದು ಹೇಗೆ ಹೊಂದುತ್ತಿದ್ದವೋ ಹಾಗೇ ಉಳಿಸಿದ್ದೇನೆ, ಏಕೆಂದರೆ ಈ ಪ್ರಕರಣದ ಜೀವ ಇರುವುದೇ ಅಲ್ಲಿ. ನಾನು ಲ್ಯಾಬ್ ಕಡೆಯ ವೈದ್ಯ. ರಕ್ತ, ಮೂತ್ರದ ರಿಪೋರ್ಟ್ ನೋಡಿ ಸಹಿ ಹಾಕುವುದು ನನ್ನ ಕೆಲಸ. ರೋಗಿಗಳ ಮುಖ ನೋಡುವುದು ಕಡಿಮೆ. ಈ ಪ್ರಕರಣಕ್ಕೆ ನಾನು ಬಂದದ್ದು ಒಂದು ಫೋನ್ ಕರೆಯಿಂದ. ಅದನ್ನು ಮುಂದೆ ಹೇಳುತ್ತೇನೆ.

ಹಿನ್ನೆಲೆ

ಅಜ್ಜಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಸಕ್ಕರೆಗೆ ಮೆಟ್‌ಫಾರ್ಮಿನ್ ದಿನಕ್ಕೆ 2000 ಮಿ.ಗ್ರಾಂ. ಪಾದ ಉರಿಗೆ ಗ್ಯಾಬಪೆಂಟಿನ್. ಬಿಪಿಗೆ ಒಂದು ಮಾತ್ರೆ. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡರು. ಅಲ್ಲಿಂದ ಊಟ ಕಡಿಮೆಯಾಯಿತು, ಓಡಾಟ ಕಡಿಮೆಯಾಯಿತು, ಮೈ ಇಳಿಯುತ್ತಾ ಹೋಯಿತು. 49 ಕೆಜಿ ಇದ್ದವರು 38ಕ್ಕೆ ಬಂದರು. ಎತ್ತರ 148 ಸೆಂ.ಮೀ. ತೂಕ ಇಳಿದದ್ದಕ್ಕೆ ಬೇರೆ ಕಾರಣ ಇದೆಯಾ ಅಂತ ಡಾಕ್ಟರು ಹುಡುಕಿದ್ದರು. ಕ್ಯಾನ್ಸರ್, ಟಿಬಿ, ಥೈರಾಯ್ಡ್ ಯಾವುದೂ ಸಿಕ್ಕಿರಲಿಲ್ಲ. "ವಯಸ್ಸಾಯ್ತಲ್ಲ" ಎನ್ನುವಲ್ಲಿಗೆ ಮಾತು ನಿಂತಿತ್ತು.

ಮೊದಲು ಗ್ಯಾಬಪೆಂಟಿನ್ ದಿನಕ್ಕೆ 900 ಮಿ.ಗ್ರಾಂ ಇತ್ತು. ಆಗಿನ ಡಾಕ್ಟರು ಚೀಟಿಯ ಅಂಚಿನಲ್ಲಿ "ಕಿಡ್ನಿ ನೋಡಿಕೊಂಡು" ಅಂತ ಬರೆದಿದ್ದರು. ಉರಿ ಜಾಸ್ತಿ ಆಗಿದೆ ಅಂತ ಅಜ್ಜಿ ಹೇಳಿದಾಗ ಇನ್ನೊಬ್ಬ ಡಾಕ್ಟರು ಹೊಸ ರಿಪೋರ್ಟ್ ನೋಡಿದರು. ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಹೊರಹಾಕುವ ಒಂದು ಕಸ, 0.8. ಕಿಡ್ನಿ ಕುಗ್ಗಿದರೆ ಸಾಮಾನ್ಯವಾಗಿ ಇದು ಏರುತ್ತದೆ. ಕಿಡ್ನಿ ಸೋಸುವ ವೇಗದ ಅಂದಾಜು, ಅಂದರೆ ಇಜಿಎಫ್ಆರ್, 76. "ಕಿಡ್ನಿ ಚೆನ್ನಾಗಿದೆ" ಅಂತ ಬರೆದು ಗ್ಯಾಬಪೆಂಟಿನ್ ಅನ್ನು 1800ಕ್ಕೆ ಏರಿಸಿದರು. ರಿಪೋರ್ಟ್ ಕೈಯಲ್ಲಿಟ್ಟುಕೊಂಡು ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಇಜಿಎಫ್ಆರ್ 60ಕ್ಕಿಂತ ಮೇಲಿರುವವರಿಗೆ ಆ ಡೋಸ್ ನಿಯಮದ ಒಳಗೇ ಇದೆ.

ಏನಾಯಿತು

ಮುಂದಿನ ತಿಂಗಳುಗಳಲ್ಲಿ ಅಜ್ಜಿ ಹಗಲೆಲ್ಲ ತೂಕಡಿಸತೊಡಗಿದರು. ಮಾತಿನ ನಡುವೆ ಮಾತು ಮರೆಯುತ್ತಿದ್ದರು. ಎರಡು ಸಲ ಬಿದ್ದರು. ಒಮ್ಮೆ ಮಣಿಕಟ್ಟು ಊದಿಕೊಂಡಿತು, ಮೂಳೆ ಮುರಿದಿರಲಿಲ್ಲ. ಮಗಳಿಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬೇರೆಯೇ. ನೀರಿನ ಲೋಟ ಎತ್ತುವಾಗ ಅಜ್ಜಿಯ ಕೈ ಇದ್ದಕ್ಕಿದ್ದಂತೆ ಜಗ್ಗಿ, ನೀರು ಮೈಮೇಲೆ ಚೆಲ್ಲುತ್ತಿತ್ತು. ನಡುಕ ಅಲ್ಲ, ಒಂದು ಎಳೆತ. ಆಮೇಲೆ ಮತ್ತೆ ಕೈ ನೆಟ್ಟಗೆ.

ಮೊದಲು ತಲೆಯ ಸ್ಕ್ಯಾನ್ ಆಯಿತು. ವಯಸ್ಸಿಗೆ ತಕ್ಕ ಬದಲಾವಣೆ ಬಿಟ್ಟರೆ ಏನೂ ಇಲ್ಲ. ಸೋಡಿಯಂ ಸರಿ ಇತ್ತು. ಸಕ್ಕರೆ ಕೆಳಗಿಳಿದಿರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸ್ವಲ್ಪ ಬಿಳಿ ರಕ್ತಕಣ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂತು. ಮೂತ್ರದ ಸೋಂಕೇ ತಲೆಗೆ ಹತ್ತಿದೆ ಅಂತ ಆ್ಯಂಟಿಬಯಾಟಿಕ್ ಕೊಟ್ಟರು. ಏನೂ ಬದಲಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದ ಬ್ಯಾಕ್ಟೀರಿಯಾ ಸಿಗುವುದು ತೀರಾ ಸಾಮಾನ್ಯ. ಉರಿಮೂತ್ರ ಇಲ್ಲ, ಜ್ವರ ಇಲ್ಲ, ಬರೀ ಗೊಂದಲ ಇದೆ ಅಂದರೆ ಆ್ಯಂಟಿಬಯಾಟಿಕ್ ಕೊಡುವ ಬದಲು ಬೇರೆ ಕಾರಣ ಹುಡುಕಿ, ರೋಗಿಯನ್ನು ಗಮನಿಸುತ್ತಾ ಇರಿ ಅಂತ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೂ ಮೂತ್ರದ ರಿಪೋರ್ಟ್‌ನಲ್ಲಿ ಒಂದು "ಪಾಸಿಟಿವ್" ಕಂಡರೆ ಸಾಕು, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಈ ಪ್ರಕರಣದಲ್ಲೂ ಕೆಲವು ವಾರ ಹಾಗೇ ಕಳೆದವು.

ಈ ನಡುವೆ ಭುಜ ಹಿಡಿದುಕೊಂಡಿದೆ ಅಂತ ಬೇರೊಂದು ಕಡೆ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಟ್ಟಿದ್ದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೋನ್ ಕರೆ

ಅಜ್ಜಿಯನ್ನು ಎರಡನೇ ಸಲ ಬಿದ್ದಾಗ ಆಸ್ಪತ್ರೆಗೆ ಸೇರಿಸಿದರು. ಔಷಧ ವಿಭಾಗದ ಫಾರ್ಮಸಿಸ್ಟ್ ಎಲ್ಲ ಮಾತ್ರೆಗಳ ಡೋಸ್ ತಾಳೆ ನೋಡುತ್ತಿದ್ದರು. ಅವರು ಲ್ಯಾಬ್‌ಗೆ ಫೋನ್ ಮಾಡಿದರು.

"ಡಾಕ್ಟ್ರೇ, ನಿಮ್ಮ ರಿಪೋರ್ಟ್ 76 ಅನ್ನುತ್ತೆ. ನನ್ನ ಲೆಕ್ಕ 36 ಅನ್ನುತ್ತೆ. ರಕ್ತ ಒಂದೇ, ಕ್ರಿಯಾಟಿನಿನ್ ಒಂದೇ. ಯಾವುದನ್ನ ನಂಬಲಿ?"

ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಅವರು ಬಳಸಿದ್ದು 1976ರ ಹಳೆಯ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ. ಅದರಲ್ಲಿ ವಯಸ್ಸು, ಕ್ರಿಯಾಟಿನಿನ್ ಜೊತೆ ತೂಕವೂ ಸೇರುತ್ತದೆ. ನಮ್ಮ ಲ್ಯಾಬ್‌ನ ಯಂತ್ರ ಬಳಸುವುದು 2021ರ ಸಿಕೆಡಿ-ಎಪಿ ಸೂತ್ರ. ಅದಕ್ಕೆ ವಯಸ್ಸು ಮತ್ತು ಹೆಣ್ಣೋ ಗಂಡೋ ಎನ್ನುವುದು ಗೊತ್ತು. ಎದುರಿಗಿರುವವರು 38 ಕೆಜಿಯೋ 80 ಕೆಜಿಯೋ ಗೊತ್ತಿಲ್ಲ. ಹೊಸ ಸೂತ್ರ ಹಳೆಯದಕ್ಕಿಂತ ಒಳ್ಳೆಯದು, ಅದರಲ್ಲಿ ಅನುಮಾನ ಬೇಡ. ಕಾಕ್‌ಕ್ರಾಫ್ಟ್ ಸೂತ್ರ ಹುಟ್ಟಿದ್ದು 249 ಜನರ ಮಾಹಿತಿಯಿಂದ, ಅವರಲ್ಲಿ ಬಹುತೇಕ ಎಲ್ಲರೂ ಗಂಡಸರು. ಹೀಗಾಗಿ "ಹಳೆಯದು ಬಿಡಿ, ನಮ್ಮದು ಸರಿ" ಅಂತ ಫೋನ್ ಇಡುವುದು ಸುಲಭ ಇತ್ತು. ಆದರೆ ಎರಡರ ನಡುವೆ ಇಷ್ಟು ಅಂತರ ಬಂದಾಗ ಯಾವ ಸೂತ್ರ ಒಳ್ಳೆಯದು ಅನ್ನೋದಕ್ಕಿಂತ ಇವರ ಮೈಯಲ್ಲಿ ಏನು ವಿಶೇಷ ಅನ್ನೋದನ್ನು ಕೇಳಬೇಕು.

ಹಳೆಯ ರಿಪೋರ್ಟ್‌ಗಳನ್ನು ತರಿಸಿದೆವು. ಮಗಳು ಒಂದು ಪ್ಲಾಸ್ಟಿಕ್ ಕವರ್ ತುಂಬ ತಂದರು. ಮೂರು ಕಡೆಯ ಲ್ಯಾಬ್‌ಗಳದು, ದಿನಾಂಕ ಹಿಂದುಮುಂದು, ಕೆಲವದರ ಶಾಯಿಯೇ ಮಾಸಿತ್ತು. ದಿನಾಂಕದ ಪ್ರಕಾರ ಮೇಜಿನ ಮೇಲೆ ಹರಡಿದಾಗ ಕಂಡದ್ದು ಇದು. ಮೂರು ವರ್ಷದ ಹಿಂದೆ ಕ್ರಿಯಾಟಿನಿನ್ 1.1. ಆಮೇಲೆ 1.0. ಆಮೇಲೆ 0.9. ಈಗ 0.8. ಇಜಿಎಫ್ಆರ್ 53ರಿಂದ 76ಕ್ಕೆ ಏರಿದೆ.

ಹತ್ತಾರು ವರ್ಷದ ಸಕ್ಕರೆ ಕಾಯಿಲೆ, ಬಿಪಿ, 70 ದಾಟಿದ ವಯಸ್ಸು. ಅಂಥ ಕಿಡ್ನಿ ಮೂರು ವರ್ಷದಲ್ಲಿ ತಾನಾಗಿಯೇ ಇಷ್ಟು ಚೇತರಿಸಿಕೊಳ್ಳುವುದಿಲ್ಲ. ಪ್ರತಿ ರಿಪೋರ್ಟ್ ಬಿಡಿಯಾಗಿ ನೋಡಿದಾಗ "ನಾರ್ಮಲ್". ಒಟ್ಟಿಗೆ ಇಟ್ಟಾಗ ಅಸಾಧ್ಯ. ಅಂದಿನ ತೂಕ ಹಾಕಿ ಕಾಕ್‌ಕ್ರಾಫ್ಟ್ ಲೆಕ್ಕ ಮಾಡಿದರೆ ಮೂರು ವರ್ಷದ ಹಿಂದೆ 35, ಈಗ 36. ಅಂದರೆ ಕಿಡ್ನಿ ಇದ್ದಲ್ಲೇ ಇದೆ. ಬದಲಾದದ್ದು ಮೈ.

ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ

ಕ್ರಿಯಾಟಿನಿನ್ ಕಿಡ್ನಿಯಲ್ಲಿ ಹುಟ್ಟುವುದಲ್ಲ. ಸ್ನಾಯುವಿನಲ್ಲಿ ಇರುವ ಕ್ರಿಯಾಟಿನ್ ದಿನವೂ ಸ್ವಲ್ಪ ಸ್ವಲ್ಪ ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಒಂದು ತೊಟ್ಟಿ ಅಂದುಕೊಳ್ಳಿ. ಮೇಲೆ ನಲ್ಲಿ, ಕೆಳಗೆ ತೂತು. ತೂತು ಅರ್ಧ ಕಟ್ಟಿಕೊಂಡಿದ್ದರೂ ನಲ್ಲಿಯನ್ನೂ ಅರ್ಧ ತಿರುಗಿಸಿದ್ದರೆ ನೀರಿನ ಮಟ್ಟ ಏರುವುದಿಲ್ಲ. ಮಟ್ಟ ಮಾತ್ರ ನೋಡಿದವರಿಗೆ ತೂತು ಚೆನ್ನಾಗಿದೆ ಅಂತ ಅನ್ನಿಸುತ್ತದೆ.

ವಯಸ್ಸಿನ ಅಧ್ಯಯನ ಮಾಡಿದವರಿಗೆ ಇದು ಹೊಸದಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಶುರುವಾದ ವೃದ್ಧಾಪ್ಯದ ದೀರ್ಘ ಅಧ್ಯಯನ ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ವಯಸ್ಸಾದಂತೆ ಕಿಡ್ನಿಯ ಸೋಸುವ ಶಕ್ತಿ ಕುಗ್ಗುತ್ತಾ ಹೋದರೂ ರಕ್ತದ ಕ್ರಿಯಾಟಿನಿನ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಸ್ನಾಯುವೂ ಜೊತೆಜೊತೆಗೆ ಕರಗುತ್ತದೆ ಅಂತ 1970ರ ದಶಕದಲ್ಲೇ ಅಲ್ಲಿ ಗೊತ್ತಾಗಿತ್ತು. 1985ರಲ್ಲಿ ಅದೇ ಅಧ್ಯಯನದಿಂದ ಇನ್ನೊಂದು ಮಾಹಿತಿ ಬಂತು. ಬೇರೆ ಕಾಯಿಲೆ ಇಲ್ಲದ 254 ಜನರಲ್ಲಿ ಸೋಸುವ ಶಕ್ತಿ ಸರಾಸರಿ ವರ್ಷಕ್ಕೆ ನಿಮಿಷಕ್ಕೆ 0.75 ಎಂ.ಎಲ್. ಇಳಿಯಿತು. ಆದರೆ ಮೂರರಲ್ಲಿ ಒಂದು ಪಾಲು ಜನರಲ್ಲಿ ಇಳಿಯಲೇ ಇಲ್ಲ. "ವಯಸ್ಸಾದ ಮೇಲೆ ಕಿಡ್ನಿ ಇಳಿಯೋದೇ" ಅಂತ ಕೈಬಿಡುವವರು ಈ ಮೂರನೇ ಒಂದು ಪಾಲನ್ನು ನೆನಪಿಟ್ಟುಕೊಳ್ಳಬೇಕು.

ಅಜ್ಜಿಯ ಸ್ನಾಯು ನಿಜಕ್ಕೂ ಅಷ್ಟು ಕರಗಿದೆಯಾ? ಊಹೆ ಬೇಡ, ನೋಡೋಣ ಅಂದರು ವಾರ್ಡಿನ ಡಾಕ್ಟರು. ಕೈ ಹಿಡಿತದ ಮೀಟರ್ ಅದುಮಿಸಿದರು. 12 ಕೆಜಿ ತೋರಿಸಿತು. ಯುರೋಪಿನ ತಜ್ಞರ ಗುಂಪು 2019ರಲ್ಲಿ ಹೆಂಗಸರಿಗೆ ಇಟ್ಟ ಗೆರೆ 16 ಕೆಜಿ. ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದಾಗ ಏಳಲಾಗಲಿಲ್ಲ. ನಾನು ವಾರ್ಡಿಗೆ ಹೋಗಿದ್ದು ಆಗಲೇ. ಎರಡೂ ಕೈ ಮುಂದೆ ಚಾಚಿ, ಅಂಗೈ ನಿಲ್ಲಿಸಿ ಹಿಡಿಯಲು ಹೇಳಿದರು. ಕ್ಷಣ ಹೊತ್ತು ಸುಮ್ಮನಿದ್ದ ಅಂಗೈ ಪಟಕ್ಕನೆ ಬಿದ್ದು ಮತ್ತೆ ಎದ್ದಿತು. ನೀರಿನ ಲೋಟ ಚೆಲ್ಲಿಸಿದ್ದು ಇದೇ ಎಳೆತ. ಗ್ಯಾಬಪೆಂಟಿನ್ ಮೈಯಲ್ಲಿ ಜಾಸ್ತಿ ಆದಾಗ ಹೀಗೆ ಆಗುವುದುಂಟು. ಆ ಔಷಧವನ್ನು ಲಿವರ್ ಮುಟ್ಟುವುದಿಲ್ಲ. ಹೋದದ್ದು ಹೋದ ಹಾಗೇ ಕಿಡ್ನಿಯಿಂದಲೇ ಹೊರಗೆ ಬರಬೇಕು.

ಸಿಸ್ಟಾಟಿನ್ ಸಿ, ಮತ್ತು ಅದರ ಬಲೆ

ಸ್ನಾಯುವನ್ನು ಅವಲಂಬಿಸದ ಇನ್ನೊಂದು ಗುರುತು ಬೇಕಿತ್ತು. ಸಿಸ್ಟಾಟಿನ್ ಸಿ ಅಂಥದು. ನ್ಯೂಕ್ಲಿಯಸ್ ಇರುವ ಎಲ್ಲ ಜೀವಕೋಶಗಳೂ ಅದನ್ನು ತಯಾರಿಸುತ್ತವೆ. ಕಿಡ್ನಿ ಸೋಸುತ್ತದೆ, ಒಳಗಿನ ನಾಳಗಳು ಅದನ್ನು ಹೀರಿ ಅಲ್ಲೇ ಒಡೆದುಹಾಕುತ್ತವೆ. 2005ರಲ್ಲಿ ಅಮೆರಿಕದ ಹೃದಯ ಆರೋಗ್ಯ ಅಧ್ಯಯನದ 4637 ಹಿರಿಯರ ರಕ್ತ ನೋಡಿದಾಗ, ಸಾವು ಮತ್ತು ಹೃದಯದ ತೊಂದರೆಯ ಮುನ್ಸೂಚನೆ ಕೊಡುವುದರಲ್ಲಿ ಸಿಸ್ಟಾಟಿನ್ ಸಿ ಕ್ರಿಯಾಟಿನಿನ್‌ಗಿಂತ ಎಷ್ಟೋ ಮುಂದಿತ್ತು. ಕ್ರಿಯಾಟಿನಿನ್ ತೀರಾ ಕಡಿಮೆ ಇರುವ ಹಿರಿಯರೂ ಅಪಾಯದಲ್ಲಿರುತ್ತಾರೆ ಎನ್ನುವುದು ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಕಾರಣ ಈಗ ನಿಮಗೂ ಗೊತ್ತಾಯಿತಲ್ಲ.

ಅಜ್ಜಿಯ ಸಿಸ್ಟಾಟಿನ್ ಸಿ 1.9 ಬಂತು. ಅದರ ಪ್ರಕಾರ ಇಜಿಎಫ್ಆರ್ 29. ವಾರ್ಡಿನಲ್ಲಿ ಗದ್ದಲವೇ ಆಯಿತು. 30ರ ಕೆಳಗೆ ಮೆಟ್‌ಫಾರ್ಮಿನ್ ಕೊಡುವ ಹಾಗಿಲ್ಲ. ಮನೆಯವರಿಗೆ ನಾಲ್ಕನೇ ಹಂತದ ಕಿಡ್ನಿ ಕಾಯಿಲೆ ಅಂತ ಹೇಳಬೇಕು. ಒಬ್ಬ ಕಿರಿಯ ಡಾಕ್ಟರು ಆಗಲೇ ಡಯಾಲಿಸಿಸ್ ಮಾತು ಎತ್ತಿದ್ದರು.

ನಾನು ಕೇಳಿದ್ದು ಒಂದೇ. ಇವರು ಸ್ಟೀರಾಯ್ಡ್ ತಗೊಳ್ತಿದ್ದಾರಾ? ಚೀಟಿಯಲ್ಲಿ ಇರಲಿಲ್ಲ. ಮಗಳನ್ನು ಕೇಳಿದಾಗ ಭುಜದ ನೋವಿನ ಮಾತ್ರೆ ಹೊರಗೆ ಬಂತು. ರಕ್ತ ತೆಗೆದ ದಿನವೂ ಅದನ್ನು ನುಂಗಿದ್ದರು. ಸ್ಟೀರಾಯ್ಡ್ ಕಿಡ್ನಿಗೆ ಏನೂ ಮಾಡದೆಯೇ ಸಿಸ್ಟಾಟಿನ್ ಸಿಯನ್ನು ಏರಿಸುತ್ತದೆ. ಥೈರಾಯ್ಡ್ ಜಾಸ್ತಿ ಇದ್ದರೂ ಏರುತ್ತದೆ, ಕಡಿಮೆ ಇದ್ದರೆ ಇಳಿಯುತ್ತದೆ. ಬೊಜ್ಜು, ಬೀಡಿ ಸಿಗರೇಟು, ಮೈಯೊಳಗಿನ ಉರಿಯೂತ ಇವೂ ಏರಿಸುತ್ತವೆ. ಕ್ರಿಯಾಟಿನಿನ್‌ಗೆ ಸ್ನಾಯು ಹೇಗೆ ತೊಡಕೋ, ಸಿಸ್ಟಾಟಿನ್‌ಗೆ ಇವು ಹಾಗೆ ತೊಡಕು. ಮೊದಲನೆಯದನ್ನು ಕಣ್ಮುಚ್ಚಿ ನಂಬಿ ಕೆಟ್ಟಿದ್ದಾಯಿತು, ಈಗ ಎರಡನೆಯದನ್ನೂ ಹಾಗೇ ನಂಬುವುದು ಬೇಡ ಅಂತ ನನ್ನ ವಾದ.

ಹಾಗಾದರೆ ಈಗ ಏನು ಮಾಡುವುದು? ಈ ಪ್ರಕರಣದಲ್ಲಿ ಅತಿ ಹೆಚ್ಚು ಚರ್ಚೆ ನಡೆದದ್ದು ಇಲ್ಲಿ. ಒಂದು ದಾರಿ, 29 ನಿಜ ಅಂದುಕೊಂಡು ಎಲ್ಲವನ್ನೂ ನಿಲ್ಲಿಸುವುದು. ಇನ್ನೊಂದು, ಸ್ಟೀರಾಯ್ಡ್ ಬಿಟ್ಟು ಮತ್ತೆ ಪರೀಕ್ಷೆ ಆಗುವವರೆಗೆ ಏನನ್ನೂ ಮುಟ್ಟದಿರುವುದು. ನಾವು ಎರಡನ್ನೂ ಒಪ್ಪಲಿಲ್ಲ. ನಿಜವಾದ ಅಂಕಿ 29 ಇರಲಿ, 50 ಇರಲಿ, 1800 ಮಿ.ಗ್ರಾಂ ಗ್ಯಾಬಪೆಂಟಿನ್ ಎರಡಕ್ಕೂ ಜಾಸ್ತಿಯೇ. ರೋಗಿಯ ಮೈಯಲ್ಲೇ ಅದರ ಲಕ್ಷಣ ಇದೆ. ಹಾಗಾಗಿ ಅದನ್ನು ಕೂಡಲೇ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಬೇರೆ ತೊಂದರೆ, ಹಂತ ಹಂತವಾಗಿ ದಿನಕ್ಕೆ 600ಕ್ಕೆ ತರಬೇಕು. ಮೆಟ್‌ಫಾರ್ಮಿನ್ ಸದ್ಯಕ್ಕೆ ಅರ್ಧ. ಕಿಡ್ನಿ ಕಾಯಿಲೆಯ ಹಂತದ ಬಗ್ಗೆ ಮನೆಯವರಿಗೆ ಹೇಳುವುದು ಮಾತ್ರ ಎರಡನೇ ಪರೀಕ್ಷೆಯ ಮೇಲೆ. ಯಾವ ಅಂಕಿ ಬಂದರೂ ಬದಲಾಗದ ತೀರ್ಮಾನವನ್ನು ಮೊದಲು ತೆಗೆದುಕೊಂಡೆವು, ಅಂಕಿಯ ಮೇಲೆ ನಿಂತಿರುವುದನ್ನು ಕಾಯಿಸಿದೆವು.

ಒಂದು ವಾರದೊಳಗೆ ಕೈ ಎಳೆತ ನಿಂತಿತು. ಹಗಲು ನಿದ್ದೆ ಕಡಿಮೆಯಾಯಿತು. "ಅಮ್ಮ ಮತ್ತೆ ಬೈಯೋಕೆ ಶುರು ಮಾಡಿದ್ದಾರೆ" ಅಂತ ಮಗಳು ನಗುತ್ತಾ ಹೇಳಿದರು. ವಾರ್ಡಿನವರಿಗೆ ಅದೇ ದೊಡ್ಡ ರಿಪೋರ್ಟ್.

ಸ್ಟೀರಾಯ್ಡ್ ಮುಗಿದು ಒಂದು ತಿಂಗಳಾದ ಮೇಲೆ ಸಿಸ್ಟಾಟಿನ್ ಸಿ ಮತ್ತೆ ನೋಡಿದೆವು. 1.6. ಬರೀ ಅದರ ಲೆಕ್ಕದಲ್ಲಿ 36. ಕ್ರಿಯಾಟಿನಿನ್ ಮತ್ತು ಸಿಸ್ಟಾಟಿನ್ ಎರಡನ್ನೂ ಸೇರಿಸುವ ಸೂತ್ರದಲ್ಲಿ 52. ಥೈರಾಯ್ಡ್ ಸರಿ ಇತ್ತು, ಉರಿಯೂತದ ಗುರುತೂ ಏರಿರಲಿಲ್ಲ. ಎರಡೂ ಸೇರಿದ ಸೂತ್ರವೇ ಒಟ್ಟಾರೆ ನಿಜಕ್ಕೆ ಹೆಚ್ಚು ಹತ್ತಿರ ಅಂತ 2021ರ ಸೂತ್ರಗಳನ್ನು ರೂಪಿಸಿದವರು ತೋರಿಸಿದ್ದಾರೆ. ಕ್ರಿಯಾಟಿನಿನ್ ಮೇಲೆ ಅನುಮಾನ ಬಂದಾಗ ಅದನ್ನೇ ಬಳಸಿ ಅಂತ ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

52 ಅಂದರೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಇಲ್ಲೊಂದು ಕೊಕ್ಕೆ ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. ಇಜಿಎಫ್ಆರ್ ಅಂಕಿ ಯಾವತ್ತೂ 1.73 ಚದರ ಮೀಟರ್ ಮೈ (ಮೈಯ ಮೇಲ್ಮೈ ವಿಸ್ತೀರ್ಣ) ಇರುವವರಿಗೆ ಅಂತ ಲೆಕ್ಕ. ಅಜ್ಜಿಯ ಮೈ ಅಳತೆ 1.25 ಚದರ ಮೀಟರ್ ಮಾತ್ರ. ಕಾಯಿಲೆಯ ಹಂತ ಹೇಳುವಾಗ 52 ಸರಿ. ಮಾತ್ರೆಯ ಡೋಸ್ ಲೆಕ್ಕ ಹಾಕುವಾಗ ಅವರ ಕಿಡ್ನಿ ನಿಜಕ್ಕೂ ನಿಮಿಷಕ್ಕೆ ಎಷ್ಟು ಸೋಸುತ್ತದೆ ಅಂತ ಗೊತ್ತಾಗಬೇಕು. 52ನ್ನು 1.25ರಿಂದ ಗುಣಿಸಿ 1.73ರಿಂದ ಭಾಗಿಸಿದರೆ 38. ಫಾರ್ಮಸಿಸ್ಟ್ ಲೆಕ್ಕದ 36ರ ಪಕ್ಕದಲ್ಲೇ ಬಂದು ಕೂತಿತು.

ಮೂತ್ರದಲ್ಲಿ ಅದೇ ತಪ್ಪು, ತಿರುವುಮುರುವಾಗಿ

ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿದೆಯಾ ಅಂತ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಎನ್ನುವ ಪ್ರೋಟೀನ್ ನೋಡುತ್ತೇವೆ. ದಿನವಿಡೀ ಮೂತ್ರ ಹಿಡಿಯುವುದು ಕಷ್ಟ. ಅದಕ್ಕೆ ಒಂದೇ ಸಲದ ಮೂತ್ರದಲ್ಲಿ ಆಲ್ಬುಮಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಅಂತ ನೋಡಿ ಭಾಗಿಸುತ್ತೇವೆ. ಇದನ್ನೇ ಎಸಿಆರ್ ಅನ್ನುವುದು. ಗ್ರಾಂಗೆ 30 ಮಿ.ಗ್ರಾಂ ಒಳಗಿದ್ದರೆ ಸರಿ, 30ರಿಂದ 300 ಮಧ್ಯಮ ಏರಿಕೆ, 300 ದಾಟಿದರೆ ತೀವ್ರ.

ಅಜ್ಜಿಯ ಎಸಿಆರ್ "ಸೋಂಕಿನ" ದಿನಗಳಲ್ಲಿ 140 ಬಂದಿತ್ತು. ಸೋಂಕು, ಜ್ವರ, ಜೋರು ವ್ಯಾಯಾಮ, ಏರಿದ ಬಿಪಿ ಇದ್ದಾಗ ತೆಗೆದ ಎಸಿಆರ್ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬಾರದು. ಆಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದಾಗ 96, ಮತ್ತೊಮ್ಮೆ 92.

ಈಗ ಭಾಗಾಕಾರದ ಕೆಳಗಿನ ಅಂಕಿ ನೋಡಿ. ಎಸಿಆರ್ ಹಿಂದೆ ಒಂದು ಊಹೆ ಇದೆ. ಜನ ದಿನಕ್ಕೆ ಸುಮಾರು ಒಂದು ಗ್ರಾಂ ಕ್ರಿಯಾಟಿನಿನ್ ಹೊರಹಾಕುತ್ತಾರೆ ಅನ್ನೋದು. ಸ್ನಾಯು ಕರಗಿದವರು ಅಷ್ಟು ಹಾಕುವುದಿಲ್ಲ. ಕೆಳಗಿನ ಅಂಕಿ ಚಿಕ್ಕದಾದರೆ ಉತ್ತರ ದೊಡ್ಡದಾಗುತ್ತದೆ. ಅಂದರೆ ಒಂದೇ ಸ್ನಾಯು ನಷ್ಟ ರಕ್ತದಲ್ಲಿ ಕಿಡ್ನಿಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸಿತು, ಮೂತ್ರದಲ್ಲಿ ಇದ್ದದ್ದಕ್ಕಿಂತ ಕೆಟ್ಟದಾಗಿ ತೋರಿಸಿತು. ಇಜಿಎಫ್ಆರ್ ತೀರಾ ಚೆನ್ನಾಗಿದೆ, ಎಸಿಆರ್ ಮಾತ್ರ ಏರಿದೆ ಎನ್ನುವ ಜೋಡಿ ಬಡಕಲು ಮೈಯ ಹಿರಿಯರಲ್ಲಿ ಕಂಡರೆ ನನಗೆ ಈಗ ಮೊದಲು ನೆನಪಾಗುವುದು ಸ್ನಾಯು.

24 ಗಂಟೆಯ ಮೂತ್ರ ಹಿಡಿಸಿದೆವು. ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವೂ ಕ್ಯಾನಿಗೆ. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ದಿನದ ಕ್ರಿಯಾಟಿನಿನ್ 480 ಮಿ.ಗ್ರಾಂ ಬಂತು. ಇಲ್ಲಿ ಒಂದು ಒಳ್ಳೆಯ ತಕರಾರು ಎದ್ದಿತು. ಮೂತ್ರ ಪೂರ್ತಿ ಹಿಡಿದಿದ್ದಾರಾ ಅಂತ ನಾವು ಸಾಮಾನ್ಯವಾಗಿ ನೋಡುವುದೇ ಕ್ರಿಯಾಟಿನಿನ್ ಸಾಕಷ್ಟಿದೆಯಾ ಅಂತ. ಅಜ್ಜಿಯಲ್ಲಿ ಅದು ಕಡಿಮೆ ಇರುವುದು ಸ್ನಾಯು ಇಲ್ಲದ್ದಕ್ಕೋ, ಅರ್ಧ ಮೂತ್ರ ಚೆಲ್ಲಿಹೋದದ್ದಕ್ಕೋ? ಒಂದೇ ಕ್ಯಾನ್ ನೋಡಿ ಹೇಳಲಾಗದು. ಇನ್ನೊಮ್ಮೆ ಹಿಡಿಸಿದೆವು, 495. ಎರಡು ಸಲವೂ ಒಂದೇ ಅಳತೆಯ ತಪ್ಪು ಆಗುವ ಸಾಧ್ಯತೆ ಕಡಿಮೆ. ಹೀಗಾಗಿ ಅಂಕಿಯನ್ನು ಒಪ್ಪಿಕೊಂಡೆವು.

ದಿನದ ಆಲ್ಬುಮಿನ್ 44 ಮಿ.ಗ್ರಾಂ. 30ಕ್ಕಿಂತ ಜಾಸ್ತಿ, ನಿಜ. ಆದರೆ 96 ಎನ್ನುವ ಅಂಕಿ ಹೆದರಿಸಿದಷ್ಟಿಲ್ಲ. ಅದೇ ಸಂಗ್ರಹದಿಂದ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತದಿಂದ ಕ್ರಿಯಾಟಿನಿನ್ ತೆಗೆಯುತ್ತದೆ ಅಂತ, ಲೆಕ್ಕ ಹಾಕಿದಾಗ ನಿಮಿಷಕ್ಕೆ 42 ಎಂ.ಎಲ್. ಕಿಡ್ನಿಯ ನಾಳಗಳು ಸ್ವಲ್ಪ ಕ್ರಿಯಾಟಿನಿನ್ ಅನ್ನು ತಾವಾಗಿಯೇ ಮೂತ್ರಕ್ಕೆ ಸುರಿಯುವುದರಿಂದ ಈ ಲೆಕ್ಕ ಯಾವಾಗಲೂ ತುಸು ಜಾಸ್ತಿ ಬರುತ್ತದೆ. 36, 38, 42. ಮೂರು ಬೇರೆ ದಾರಿಯಿಂದ ಹೋದರೂ ತಲುಪಿದ್ದು ಒಂದೇ ಬೀದಿಗೆ. ಒಂಟಿಯಾಗಿ ನಿಂತದ್ದು 76 ಮಾತ್ರ.

ಬೇರೆ ಎರಡು ಅಂಕಿಗಳು

ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ, 6.3 ಇತ್ತು. ಸಕ್ಕರೆ ಹಿಡಿತದಲ್ಲಿದೆ ಅಂತ ಎಲ್ಲರಿಗೂ ಸಮಾಧಾನ. ಹಿಮೋಗ್ಲೋಬಿನ್ 10.2 ಇದ್ದದ್ದರಿಂದ ನನಗೆ ಅಷ್ಟು ಸಮಾಧಾನ ಇರಲಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ ಅನ್ನುವ ನಂಬಿಕೆಯ ಮೇಲೆ ಆ ಪರೀಕ್ಷೆ ನಿಂತಿದೆ. ಕಣ ಬೇಗ ಸತ್ತರೆ ಅಂಕಿ ಇಳಿಯುತ್ತದೆ, ಕಬ್ಬಿಣದ ಕೊರತೆ ಇದ್ದರೆ ಏರುತ್ತದೆ. ಬೆರಳು ಚುಚ್ಚಿ ಕೆಲವು ದಿನ ನೋಡಿದಾಗ ಸಕ್ಕರೆ ಎಚ್‌ಬಿಎ1ಸಿ ಹೇಳಿದ್ದಕ್ಕಿಂತ ತುಸು ಮೇಲಿತ್ತು, ಅಪಾಯದ ಮಟ್ಟದಲ್ಲಿ ಇರಲಿಲ್ಲ. ಇಷ್ಟು ಬಡಕಲಾದವರಿಗೆ ಅದು ಸಾಕು.

ಬಿ12 ಕಥೆ ಇನ್ನೂ ಸ್ವಾರಸ್ಯದ್ದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬಿ12 ಇಳಿಯುವುದುಂಟು. ಬಿ12 ಇಳಿದರೆ ಪಾದ ಉರಿಯುತ್ತದೆ. ಉರಿಗೆ ಗ್ಯಾಬಪೆಂಟಿನ್. ಸರಪಳಿ ಅಲ್ಲಿಂದಲೇ ಶುರುವಾಗಿರಬಹುದು. ಬಿ12 ಗಡಿಯ ಮೇಲಿತ್ತು. ಖಚಿತ ಮಾಡಿಕೊಳ್ಳಲು, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಮಿಥೈಲ್‌ಮೆಲೋನಿಕ್ ಆಮ್ಲ ನೋಡಿದರೆ ಅದು ಏರಿತ್ತು. ಆದರೆ ಕಿಡ್ನಿ ಕುಗ್ಗಿದವರಲ್ಲಿ ಅದು ಬಿ12 ಸರಿ ಇದ್ದರೂ ಏರುತ್ತದೆ. ಹಾಗಾದರೆ ಈ ಪರೀಕ್ಷೆಯಿಂದ ಇವರಲ್ಲಿ ಏನೂ ತೀರ್ಮಾನ ಆಗುವುದಿಲ್ಲ. ತೀರ್ಮಾನ ಆಗದ ಪರೀಕ್ಷೆಯ ಹಿಂದೆ ಓಡುವ ಬದಲು ಬಿ12 ಕೊಟ್ಟುಬಿಟ್ಟರು. ಅದರಿಂದ ಹಾನಿ ಇಲ್ಲ. ಗ್ಯಾಬಪೆಂಟಿನ್ ಇಳಿಸಿದ ಮೇಲೆ ರಾತ್ರಿ ಹೊತ್ತು ಉರಿ ಸ್ವಲ್ಪ ಮರಳಿತ್ತು. ಕೆಲವು ತಿಂಗಳಲ್ಲಿ ತಡೆಯುವಷ್ಟಕ್ಕೆ ಬಂತು. ಅದು ಬಿ12ನಿಂದ ಆಯಿತು ಅಂತ ನಾನು ಹೇಳಲಾರೆ.

ಮನೆಯಲ್ಲಿ ಆದದ್ದು

ಎರಡನೇ ಪರೀಕ್ಷೆ ಆದ ಮೇಲೆ ಮನೆಯವರಿಗೆ ಕಿಡ್ನಿ ಕುಗ್ಗಿರುವ ವಿಷಯ ಹೇಳಿದರು. ಮುಂದಿನ ಭೇಟಿಗೆ ಬಂದಾಗ ತೂಕ ಇನ್ನೂ ಅರ್ಧ ಕೆಜಿ ಇಳಿದಿತ್ತು. ವಿಚಾರಿಸಿದರೆ, ಮಗಳು ಊಟದಿಂದ ಪ್ರೋಟೀನ್ ಇರುವುದನ್ನೆಲ್ಲ ತೆಗೆದುಬಿಟ್ಟಿದ್ದರು. ಕಿಡ್ನಿ ಅಂದ ಕೂಡಲೇ ಪ್ರೋಟೀನ್ ಬಿಡಬೇಕು ಅಂತ ಯಾರೋ ಹೇಳಿದ್ದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಸ್ನಾಯು ಕರಗಿದ ಅಜ್ಜಿಗೆ ಅದು ಉಲ್ಟಾ.

ಇಲ್ಲಿ ನಿಜವಾಗಿಯೂ ಎರಡು ಕಡೆಯ ಎಳೆದಾಟ ಇದೆ. ಮಧ್ಯಮ ಹಂತದ ಕಿಡ್ನಿ ಕಾಯಿಲೆಯಲ್ಲಿ ದಿನಕ್ಕೆ ಕೆಜಿಗೆ 0.8 ಗ್ರಾಂ ಪ್ರೋಟೀನ್ ಅಂತ ಮಾರ್ಗಸೂಚಿ. ಆದರೆ ಬಡಕಲಾದ, ಸ್ನಾಯು ಕಳೆದುಕೊಂಡ ಹಿರಿಯರಿಗೆ ಪ್ರೋಟೀನ್ ಮತ್ತು ಕ್ಯಾಲರಿ ಗುರಿಯನ್ನು ಏರಿಸುವುದನ್ನು ಯೋಚಿಸಿ ಅಂತ ಅದೇ ಕೆಡಿಗೊ ಪುಸ್ತಕದಲ್ಲೇ ಇದೆ. ಕಿಡ್ನಿ ಡಾಕ್ಟರು ಮತ್ತು ವೃದ್ಧರ ಡಾಕ್ಟರು ಕೂತು ಮಾತಾಡಿದರು. ಈ ಅಜ್ಜಿಗೆ ಮುಂದಿನ ಒಂದೆರಡು ವರ್ಷದಲ್ಲಿ ಡಯಾಲಿಸಿಸ್ ಬರುವ ಸಾಧ್ಯತೆಗಿಂತ ಬಿದ್ದು ಸೊಂಟ ಮುರಿಯುವ ಸಾಧ್ಯತೆ ಜಾಸ್ತಿ ಅಂತ ಇಬ್ಬರೂ ಒಪ್ಪಿದರು. ಪ್ರೋಟೀನ್ ಏರಿಸಿದರು. ಕುರ್ಚಿಯಿಂದ ಏಳುವ, ಕೂರುವ ವ್ಯಾಯಾಮ ವಾರಕ್ಕೆ ಮೂರು ದಿನ ಹಾಕಿಕೊಟ್ಟರು. ಮೆಟ್‌ಫಾರ್ಮಿನ್ ಅರ್ಧವೇ ಉಳಿಯಿತು. ಈಗ ಕಾರಣ ಕಿಡ್ನಿಗಿಂತ ಹಸಿವು. ಆ ಮಾತ್ರೆ ಹಸಿವನ್ನು ಕೊಲ್ಲುತ್ತದೆ. ಆಲ್ಬುಮಿನ್‌ಗಾಗಿ ಹೊಸ ಬಗೆಯ ಸಕ್ಕರೆ ಮಾತ್ರೆ, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವಂಥದು, ಕೊಡೋಣವೇ ಅನ್ನುವ ಮಾತೂ ಬಂತು. ಅದರಿಂದ ತೂಕ ಇಳಿಯುತ್ತದೆ. 38 ಕೆಜಿ ಮೈಗೆ ಸದ್ಯಕ್ಕೆ ಬೇಡ ಅಂದರು.

ಲ್ಯಾಬ್‌ನಲ್ಲಿ ಏನು ಬದಲಾಯಿತು

ದೊಡ್ಡದೇನೂ ಇಲ್ಲ. ಹಿರಿಯರ ಕ್ರಿಯಾಟಿನಿನ್ ಹಳೆಯದಕ್ಕಿಂತ ಗಮನಿಸುವಷ್ಟು ಇಳಿದಿದ್ದರೆ "ತೂಕ ಇಳಿದಿದೆಯೇ ನೋಡಿ" ಅಂತ ಒಂದು ಸಾಲು ರಿಪೋರ್ಟ್‌ನಲ್ಲಿ ಬರುತ್ತದೆ. ಮೊದಲೆಲ್ಲ ಏರಿದಾಗ ಮಾತ್ರ ಗಂಟೆ ಬಾರಿಸುತ್ತಿತ್ತು. ಸಿಸ್ಟಾಟಿನ್ ಸಿ ಕೇಳುವ ಫಾರಂನಲ್ಲಿ ಸ್ಟೀರಾಯ್ಡ್ ಮತ್ತು ಥೈರಾಯ್ಡ್ ಬಗ್ಗೆ ಎರಡು ಪ್ರಶ್ನೆ ಸೇರಿಸಿದೆವು. ಅವುಗಳನ್ನು ಯಾರೂ ಸರಿಯಾಗಿ ತುಂಬುವುದಿಲ್ಲ, ಫೋನ್ ಮಾಡಿಯೇ ಕೇಳಬೇಕಾಗುತ್ತದೆ. ಎಲ್ಲ ಹಿರಿಯರಿಗೂ ಸಿಸ್ಟಾಟಿನ್ ಮಾಡಿಸಿಬಿಡೋಣ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಮೈ ತುಂಬಿಕೊಂಡಿರುವ, ಓಡಾಡಿಕೊಂಡಿರುವ 70 ವರ್ಷದವರಿಗೆ ಕ್ರಿಯಾಟಿನಿನ್ ಸಾಕು. ಬಡಕಲು ಮೈ, ಕೈಕಾಲು ಕಳೆದುಕೊಂಡವರು, ಬಹಳ ದಿನ ಹಾಸಿಗೆ ಹಿಡಿದವರು, ಲಿವರ್ ಕೆಟ್ಟವರು, ಕಿಡ್ನಿ ನೋಡಿ ಕೊಡಬೇಕಾದ ಔಷಧ ತಗೊಳ್ಳುವವರು, ಇವರಲ್ಲಿ ಅದರ ಅಗತ್ಯ ನಿಜವಾಗಿ ಇದೆ.

ಹನ್ನೊಂದು ತಿಂಗಳ ಮೇಲೆ

ಅಜ್ಜಿಯ ತೂಕ ಈಗ 41 ಕೆಜಿ. ಮತ್ತೆ ಬಿದ್ದಿಲ್ಲ. ಕುರ್ಚಿಯಿಂದ ಕೈ ಊರದೆ ಏಳುತ್ತಾರೆ, ನಿಧಾನವಾಗಿ. ಹೋದ ವಾರದ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 0.9, ಇಜಿಎಫ್ಆರ್ 66. ಮಗಳು ಗಾಬರಿಯಿಂದ ಫೋನ್ ಮಾಡಿದರು. "76 ಇತ್ತಲ್ಲ ಡಾಕ್ಟ್ರೇ, ಈಗ 66 ಆಗಿದೆ. ಕಿಡ್ನಿ ಕೆಡ್ತಾ ಇದೆಯಾ?" ಸಿಸ್ಟಾಟಿನ್ ಸಿ ನೋಡಿದೆ. 1.58, ಹಿಂದಿನ ಸಲದಷ್ಟೇ. ಆಲ್ಬುಮಿನ್ ಕೂಡ ಏರಿಲ್ಲ. ಕಿಡ್ನಿ ಇದ್ದಲ್ಲೇ ಇದೆ, ಅಮ್ಮನ ಸ್ನಾಯು ಸ್ವಲ್ಪ ಮರಳಿದೆ, ಔಷಧ ಯಾವುದನ್ನೂ ಬದಲಿಸುವುದು ಬೇಡ ಅಂದೆ. ಮುಂದಿನ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜೊತೆ ತೂಕ ಮತ್ತು ಕೈ ಹಿಡಿತವನ್ನೂ ಅದೇ ಹಾಳೆಯಲ್ಲಿ ಬರೆಸಿಕೊಂಡು ಬನ್ನಿ ಅಂತ ಹೇಳಿದೆ.